ಆರ್ವಿಡ್ ಹೂತುಕೊಂಡ ಶನಿವಾರ

ಮೊಂಟಾನಾದ ಮೂಡಣ ತುದಿಯಲ್ಲಿರುವ ನಮ್ಮ ಪಾರ್ಕಿನ ಗುಡ್ಡದ ಮೇಲೆ ಮಳೆಗೆ ಹೂತುಕೊಂಡ ಗಾಡಿಗಳನ್ನು ಎಳೆದು ಕೊಡುವವನು ಆರ್ವಿಡ್ ಸ್ಕಾರ್ಸ್ಟಾಡ್. ಅದೇನು ಅವನ ಉದ್ಯೋಗವಲ್ಲ, ಉದ್ಯೋಗ ಗೋಧಿ ಬೆಳೆಯೋದು. ಆದರೆ ಹೊಲ ಪಾರ್ಕಿನ ಬೇಲಿಗೆ ತಾಗಿಕೊಂಡಿದೆ, ಮನೆಯಲ್ಲಿ ದೊಡ್ಡ ಟ್ರಾಕ್ಟರ್ ಇದೆ, ಹೆಂಡತಿ ಮಕ್ಕಳು ಅಂತ ಯಾರೂ ಇಲ್ಲ. ಇಷ್ಟು ಸಾಕಾಯ್ತು, ಮೂವತ್ತೊಂದು ವರ್ಷದಿಂದ ಊರಿನವರು ಅವನನ್ನು ಈ ಕೆಲಸಕ್ಕೆ ಹಚ್ಚಿಬಿಟ್ಟಿದ್ದಾರೆ.

ನಮ್ಮ ಗುಡ್ಡದ ಮಣ್ಣಿಗೆ ಗಂಬೋ ಅಂತೀವಿ. ಒಣಗಿದ್ದಾಗ ಸಿಮೆಂಟಿನ ಹಾಗೆ ಗಟ್ಟಿ. ನಾಲ್ಕು ಹನಿ ಬಿದ್ದರೆ ಸಾಬೂನು. ಇನ್ನೂ ನಾಲ್ಕು ಬಿದ್ದರೆ ಚಕ್ರಕ್ಕೆ, ಬೂಟಿಗೆ, ನಾಯಿಯ ಕಾಲಿಗೆ, ಸಿಕ್ಕಿದ್ದಕ್ಕೆಲ್ಲ ಮೆತ್ತಿಕೊಂಡು ಬಿಡೋದೇ ಇಲ್ಲ. ಅದಕ್ಕೇ ರಸ್ತೆ ಮೇಲೇರುವ ಕಡೆ ಆರ್ವಿಡ್ ತನ್ನ ಕೈಯಾರೆ ಬರೆದು ನೆಟ್ಟ ಬೋರ್ಡಿದೆ: ಮೊದಲ ಹನಿ ಬಿದ್ದ ಹತ್ತು ನಿಮಿಷದೊಳಗೆ ಕೆಳಗಿಳಿಯಿರಿ. ಟೆಂಟು ಹಾಕಲು ಬಂದವರು, ಗುಡ್ಡ ಹತ್ತಲು ಬಂದವರು, ಬಣ್ಣಬಣ್ಣದ ಕೊರಕಲು ನೋಡಿ ಫೋಟೋ ಹೊಡೆಯಲು ಬಂದವರು, ಎಲ್ಲರೂ ಅದನ್ನು ಓದುತ್ತಾರೆ, ನಗುತ್ತಾರೆ, ಮೇಲೆ ಹೋಗಿ ಹೂತುಕೊಳ್ಳುತ್ತಾರೆ.

ಎಳೆದದ್ದಕ್ಕೆ ಆರ್ವಿಡ್ ಏನೂ ತಗೊಳ್ಳೋದಿಲ್ಲ. ಆದರೆ ಸರಪಳಿ ಕೈಯಲ್ಲಿ ಹಿಡಿದುಕೊಂಡು ಮೂರು ಪ್ರಶ್ನೆ ಕೇಳುತ್ತಾನೆ. ಬೋರ್ಡು ಓದಿದ್ರಾ? ಮೊದಲ ಹನಿ ಯಾವಾಗ ಬಿತ್ತು? ಆಮೇಲೆ ಏನು ಮಾಡ್ತಿದ್ರಿ? ನಿಜ ಹೇಳುವ ತನಕ ಕೊಂಡಿ ಹಾಕೋದಿಲ್ಲ. ಫ್ಲೋರಿಡಾದ ಒಬ್ಬ ಹಲ್ಲಿನ ಡಾಕ್ಟರು, ಪಾಪ, ಮಳೆ ಬಂದದ್ದೇ ಗೊತ್ತಾಗಲಿಲ್ಲ ಅಂತ ನಲವತ್ತು ನಿಮಿಷ ವಾದ ಮಾಡಿದ. ಕೊನೆಗೆ ತಲೆ ತಗ್ಗಿಸಿಕೊಂಡು ಒಪ್ಪಿಕೊಂಡ: ನಾಯಿಗೆ ಟೋಪಿ ಹಾಕಿ ಬಂಡೆ ಮೇಲೆ ಕೂರಿಸಿದ್ದನಂತೆ, ಅದು ಕ್ಯಾಮೆರಾ ಕಡೆ ತಿರುಗಲಿ ಅಂತ ಕಾಯುತ್ತಿದ್ದನಂತೆ. ಇಂಥ ಉತ್ತರಗಳೆಲ್ಲ ಮರುದಿನ ಬೆಳಿಗ್ಗೆ ಕಾಫಿ ಅಂಗಡಿಯ ಮೇಜಿಗೆ ಬರುತ್ತವೆ. ತರುವವನು ಆರ್ವಿಡ್‌ನ ತಮ್ಮ ಲೋವೆಲ್. ಅಣ್ಣ ಬಾಯಿ ಬಿಡದ ಮನುಷ್ಯ, ತಮ್ಮ ಬಾಯಿ ಮುಚ್ಚದ ಮನುಷ್ಯ. ಒಬ್ಬಳೇ ತಾಯಿ ಹೆತ್ತಳೇ ಇವರನ್ನ ಅಂತ ನಮಗೆಲ್ಲ ಆಶ್ಚರ್ಯ.

ಬೇರೆಯವರ ಬಾಯಿ ಬಿಡಿಸುವ ಈ ಮಹಾನುಭಾವ ತನ್ನ ಒಂದು ಮಾತನ್ನು ಮಾತ್ರ ಒಂಬತ್ತು ವರ್ಷದಿಂದ ನುಂಗಿಕೊಂಡು ಕೂತಿದ್ದ. ಮಾತು ಡಾರ್ಲಿಸ್‌ಗೆ ಹೇಳಬೇಕಾದದ್ದು. ಡಾರ್ಲಿಸ್ ಬಾಯರ್ ಮೂವತ್ತು ವರ್ಷ ಶಾಲೆಯ ಅಡಿಗೆಮನೆಯಲ್ಲಿ ಇಡೀ ಊರಿನ ಮಕ್ಕಳಿಗೆ ಬಡಿಸಿದವಳು. ಗಂಡ ತೀರಿಹೋದ ಮೇಲೆ ಬೇಸಿಗೆ ಪೂರ್ತಿ ಪಾರ್ಕಿನ ಬಾಗಿಲಲ್ಲಿ ಮಲಗೋಕೆ, ಅಡಿಗೆಗೆಲ್ಲ ಜಾಗವಿರುವ ತನ್ನ ಹಳೇ ಕ್ಯಾಂಪರ್ ಗಾಡಿ ನಿಲ್ಲಿಸಿಕೊಂಡು, ಬಂದವರಿಗೆ ನಕ್ಷೆ ಕೊಟ್ಟು, ಸೌದೆ ಕೊಟ್ಟು, ಇವತ್ತು ಯಾವ ದಾರಿಯಲ್ಲಿ ಹಾವು ಬಿಸಿಲು ಕಾಯಿಸುತ್ತಿದೆ ಅಂತ ಹೇಳಿ ಕಳಿಸುತ್ತಾಳೆ. ದಿನಾ ಸಂಜೆ ಆರ್ವಿಡ್ ಅಲ್ಲಿ ಕಾಫಿಗೆ ಹಾಜರು. ಒಂದು ಲೋಟ ಕುಡಿದು, ಹವಾಮಾನದ ವಿಷಯ ನಾಲ್ಕು ಮಾತಾಡಿ, ಟೋಪಿ ಹಾಕಿಕೊಂಡು ಹೊರಡುತ್ತಾನೆ. ನೋಡುವವರಿಗೆ ಸಿಟ್ಟು ಬರುತ್ತಿತ್ತು.

ಈ ಜೂನ್‌ನಲ್ಲಿ ಮಾತ್ರ ಬೆಂಕಿ ಬುಡಕ್ಕೆ ಬಂತು. ಅರಿಜೋನಾದಲ್ಲಿರುವ ಮಗಳು ಡಾರ್ಲಿಸ್‌ಗಾಗಿ ಒಂದು ಕೋಣೆ ಸಿದ್ಧಮಾಡಿಟ್ಟು, ಬರ್ತೀಯೋ ಇಲ್ಲವೋ ಸೋಮವಾರದೊಳಗೆ ಹೇಳಮ್ಮ ಅಂದಿದ್ದಳು. ಹೋದರೆ ಡಾರ್ಲಿಸ್ ಪೂರ್ತಿ ಹೋದ ಹಾಗೇ. ಇದನ್ನು ಅವಳೇ ಕಾಫಿ ಬಗ್ಗಿಸುತ್ತಾ ಆರ್ವಿಡ್‌ಗೆ ಹೇಳಿದಳು, ಹೇಳಿ ಅವನ ಮುಖ ನೋಡಿದಳು. ಅವನು, "ಶನಿವಾರ ಮೇಲಕ್ಕೆ ಹೋಗೋಣವಾ, ಊಟ ಕಟ್ಟಿಕೊಂಡು?" ಅಂದ. ಅಷ್ಟು ಹೇಳುವಷ್ಟರಲ್ಲಿ ಅವನ ಕಿವಿಯೆಲ್ಲ ಕೆಂಪಾಗಿತ್ತು.

ಶನಿವಾರ ಆರ್ವಿಡ್ ಎರಡು ಸಲ ಗಡ್ಡ ಕೆರೆದ. ಪಿಕಪ್ಪನ್ನು ಒಳಗೂ ಹೊರಗೂ ತೊಳೆದ. ತುತ್ತತುದಿಯಲ್ಲಿ, ಹೊಳೆಯಾಚೆಯ ಬಯಲೆಲ್ಲ ಕಾಣುವ ಕಡೆ ಗಾಡಿ ನಿಲ್ಲಿಸಿ ಇಬ್ಬರೂ ಹಿಂಬದಿಯ ಹಲಗೆ ಇಳಿಸಿಕೊಂಡು ಕೂತರು. ಹ್ಯಾಮ್ ಸ್ಯಾಂಡ್‌ವಿಚ್ಚು ಮುಗೀತು. ಜೂನ್‌ಬೆರ್ರಿ ಹಣ್ಣಿನ ಪೈ ಬಿಚ್ಚಿದರು.

"ಡಾರ್ಲಿಸ್," ಅಂದ ಆರ್ವಿಡ್.

"ಹ್ಞಾ."

"ಅರಿಜೋನಾದಲ್ಲಿ ಸೆಕೆ ಜಾಸ್ತಿಯಂತೆ."

"ಹಾಗಂತಾರೆ."

"ಒಣ ಸೆಕೆ."

"ಹ್ಞೂಂ, ಒಣ ಸೆಕೆ." ಡಾರ್ಲಿಸ್ ಪೈ ಕೊಯ್ದು ಅವನ ತಟ್ಟೆಗೆ ಹಾಕಿದಳು. "ಮುಂದೆ?"

ಆರ್ವಿಡ್ ಉಸಿರು ಎಳೆದುಕೊಂಡ. ಬಾಯಿ ತೆರೆದ. ಮೂಗಿನ ಮೇಲೆ ಒಂದು ಹನಿ ಬಿತ್ತು.

ಬೋರ್ಡು ಬರೆದವನು ಆಗಲೇ ತಟ್ಟೆ ಎಸೆದು ಗಾಡಿ ಹತ್ತಬೇಕಿತ್ತು. ಆದರೆ ಆರ್ವಿಡ್ ಗೋಧಿ ಬೆಳೆಯುವವನು, ತೆನೆ ಕಟ್ಟುವ ಹೊತ್ತು, ಇಪ್ಪತ್ತಾರು ದಿನದಿಂದ ಮಳೆಯ ಸುದ್ದಿಯಿಲ್ಲ. ಅವನು ಎದ್ದು ಅಂಚಿನವರೆಗೆ ನಡೆದ. ಕೆಳಗೆ ಮಳೆ ಹೊಳೆ ದಾಟಿ, ಸಾಲುಮರ ದಾಟಿ, ಸೀದಾ ಅವನ ಬಡಗಣ ಹೊಲದ ಕಡೆ ಬರುತ್ತಿತ್ತು. ಡಾರ್ಲಿಸ್ ಬಂದು ಪಕ್ಕದಲ್ಲಿ ನಿಂತಳು.

"ಅದು ನಿನ್ನ ಹೊಲ ಅಲ್ವಾ?"

"ನನ್ನದೇ."

"ಬಿತ್ತು ನೋಡು."

"ಬಿತ್ತು," ಅಂದ ಆರ್ವಿಡ್. ಇಬ್ಬರೂ ತಲೆಯಿಂದ ಕಾಲಿನವರೆಗೆ ತೊಯ್ದು, ನೋಡುತ್ತಾ ನಿಂತರು. ಹತ್ತು ನಿಮಿಷ ಆಯ್ತು, ಇಪ್ಪತ್ತಾಯ್ತು.

ಆಮೇಲೆ ಆದದ್ದನ್ನು ವಿವರಿಸಬೇಕಾಗಿಲ್ಲ. ಪಿಕಪ್ಪು ಒಂದು ಮಾರು ಮುಂದೆ ಹೋಯ್ತು, ಎರಡು ಮಾರು ಅಡ್ಡ ಹೋಯ್ತು, ಮೂತಿಯನ್ನು ಚರಂಡಿಗಿಟ್ಟು ಸುಮ್ಮನಾಯ್ತು. ಆರ್ವಿಡ್ ಸ್ಟೀರಿಂಗ್ ಹಿಡಿದುಕೊಂಡು ಕೂತೇ ಇದ್ದ.

"ಬೆಳಿಗ್ಗೆ ಬಟ್ಟೆ ಒಣಹಾಕುವಾಗಲೇ ಮೋಡ ನೋಡಿದ್ದೆ," ಅಂದಳು ಡಾರ್ಲಿಸ್, ತಲೆ ಒರೆಸಿಕೊಳ್ಳುತ್ತಾ.

"ನೋಡಿದ್ಯಾ? ಹೇಳಬಾರದಿತ್ತಾ?"

"ಹೇಳಿದ್ದರೆ ನೀನು ಬರ್ತಿರಲಿಲ್ಲ. ಹೋದ ವರ್ಷ ಮೇಲಕ್ಕೆ ಹೋಗೋಣ ಅಂದಾಗ ಗಾಳಿ ಅಂದೆ ನೀನು. ಅದರ ಹಿಂದಿನ ವರ್ಷ ಮಿಡತೆ ಅಂದೆ. ಮನುಷ್ಯನಿಗೆ ಮಿಡತೆಯ ಹೆದರಿಕೆಯಾ ಆರ್ವಿಡ್?"

ಆರ್ವಿಡ್ ಫೋನು ತೆಗೆದ. ನಮ್ಮ ಪಾರ್ಕಿನಲ್ಲಿ ಫೋನು ಸಿಗುವುದು ಆ ತುದಿಯಲ್ಲಿ ಮಾತ್ರ, ಅದೂ ಅವನ ಗ್ರಹಚಾರ. ತನ್ನ ಟ್ರಾಕ್ಟರ್ ಓಡಿಸಬಲ್ಲ ಇನ್ನೊಬ್ಬ ಮನುಷ್ಯ ಭೂಮಿಯ ಮೇಲೆ ಲೋವೆಲ್ ಒಬ್ಬನೇ. ಫೋನಿನಲ್ಲಿ ಲೋವೆಲ್ ನಗಲಿಲ್ಲ. "ಬಂದೆ," ಅಂದ, ಅಷ್ಟೇ. ಆರ್ವಿಡ್‌ಗೆ ಅದೇ ಇನ್ನೂ ಭಯವಾಯ್ತು.

ಒಂದು ಗಂಟೆಯಲ್ಲಿ ಮಳೆ ನಿಂತು ಬಿಸಿಲು ಬಿತ್ತು. ಚಕ್ರಕ್ಕೆ ಸರಪಳಿ ಸುತ್ತಿಕೊಂಡ ಟ್ರಾಕ್ಟರು ಗುಡುಗುತ್ತಾ ಮೇಲೆ ಬಂತು. ಅದರ ಹಿಂದೆ, ಪ್ಯಾಂಟು ಮಡಚಿಕೊಂಡು, ಬೂಟು ಕೈಯಲ್ಲಿ ಹಿಡಿದುಕೊಂಡು, ಟೆಂಟಿನ ಜನ ಏಳೆಂಟು ಮಂದಿ. ಹೋದ ವರ್ಷ ಆರ್ವಿಡ್‌ನ ಮೂರು ಪ್ರಶ್ನೆಗೆ ಸಿಕ್ಕಿ ಬೆವರಿ, ಈ ವರ್ಷ ಮತ್ತೆ ಬಂದಿದ್ದ ಒಹಾಯೋದ ಮೇಷ್ಟ್ರೂ ಹೆಂಡತಿಯೂ ಎಲ್ಲರಿಗಿಂತ ಮುಂದಿದ್ದರು. ಇಂಥ ಭಾಗ್ಯ ಬಿಡುವುದುಂಟೇ.

ಲೋವೆಲ್ ಇಳಿದು, ಸರಪಳಿ ಕೈಗೆ ಸುತ್ತಿಕೊಂಡು, ಗಂಟಲು ಸರಿಮಾಡಿಕೊಂಡು ನಿಂತ. "ಬೋರ್ಡು ಓದಿದ್ರಾ, ಸ್ವಾಮಿ?"

"ನಾನೇ ಬರೆದದ್ದು."

"ಓದಿದ್ರಾ ಅಂತ ಕೇಳಿದ್ದು."

"ಓದಿದ್ದೆ."

"ಮೊದಲ ಹನಿ ಯಾವಾಗ ಬಿತ್ತು?"

"ಎರಡೂ ಇಪ್ಪತ್ತಕ್ಕೆ."

"ಆಮೇಲೆ ಏನು ಮಾಡ್ತಿದ್ರಿ?"

"ಹೊಲ ನೋಡ್ತಿದ್ದೆ."

ಮೇಷ್ಟ್ರು ತಲೆ ಆಡಿಸಿದರು, ಉತ್ತರ ಅವರಿಗೆ ಒಪ್ಪಿಗೆಯಾಗಿತ್ತು. ಲೋವೆಲ್‌ಗೆ ಆಗಲಿಲ್ಲ. "ನಿನ್ನ ಹೊಲದ ಪಕ್ಕದಲ್ಲೇ ನಾನಿದ್ದೆ ಮಾರಾಯ. ಎಂಟು ನಿಮಿಷಕ್ಕೆ ಮಳೆ ಅದನ್ನ ದಾಟಿಕೊಂಡು ಹೋಯ್ತು. ಉಳಿದ ಹೊತ್ತು?"

ಆರ್ವಿಡ್ ಬೂಟು ನೋಡಿಕೊಂಡ. ಬೂಟು ಕಾಣುತ್ತಿರಲಿಲ್ಲ, ಮಣ್ಣು ಕಾಣುತ್ತಿತ್ತು. ಸುಳ್ಳು ಹೇಳಬಹುದಿತ್ತು. ಆದರೆ ಈ ಪ್ರಶ್ನೆಗೆ ಎಷ್ಟು ಜನರ ಸುಳ್ಳನ್ನು ಅವನು ಇದೇ ಜಾಗದಲ್ಲಿ ಹಿಡಿದಿದ್ದನೋ, ಈಗ ತಾನೇ ಹೇಳಲು ಅವನ ನಾಲಿಗೆ ಒಪ್ಪಲಿಲ್ಲ.

"ಡಾರ್ಲಿಸ್ ಅರಿಜೋನಾಗೆ ಹೋಗೋದು ಬೇಡ ಅನ್ನಬೇಕಿತ್ತು," ಅಂದ. "ಧೈರ್ಯ ಸಾಲಲಿಲ್ಲ. ಮಳೆ ನೋಡೋ ನೆಪ ಮಾಡಿಕೊಂಡು ನಿಂತೆ."

ಲೋವೆಲ್‌ನಂಥ ಲೋವೆಲ್ಲೇ ಸರಪಳಿ ಹಿಡಿದುಕೊಂಡು ಪೆಚ್ಚಾಗಿ ನಿಂತುಬಿಟ್ಟ. ಅವನು ತಮಾಷೆಗೆ ಬಂದಿದ್ದ, ಪಾಪ.

"ಅದನ್ನ ಲೋವೆಲ್‌ಗೆ ಯಾಕೆ ಹೇಳ್ತೀಯ?" ಅಂದಳು ಡಾರ್ಲಿಸ್, ಗಾಡಿಯಿಂದ ಇಳಿಯುತ್ತಾ. "ಹೋಗಬೇಕಾದವಳು ನಾನು."

ಆರ್ವಿಡ್ ಅವಳ ಕಡೆ ತಿರುಗಲು ಕಾಲೆತ್ತಿದ, ಬೂಟು ಮಣ್ಣಿನಲ್ಲೇ ಉಳಿಯಿತು. ಬರೀ ಕಾಲುಚೀಲದಲ್ಲೇ ಕೆಸರು ತುಳಿದುಕೊಂಡು ಹೋಗಿ ಅವಳೆದುರು ನಿಂತ.

"ಹೋಗಬೇಡ ಡಾರ್ಲಿಸ್. ನನ್ನನ್ನ ಮದುವೆಯಾಗು. ನೀನು ಹೋದರೆ ನಾನು ಕಾಫಿ ಕುಡಿಯೋಕೆ ಎಲ್ಲಿಗೆ ಹೋಗಲಿ? ಇಲ್ಲ, ಕಾಫಿ ಅಲ್ಲ. ಕಾಫಿ ವಿಷಯ ಬಿಡು. ನೀನಿಲ್ಲದೆ ನನಗೆ ಆಗೋದಿಲ್ಲ."

ಒಂಬತ್ತು ವರ್ಷ ಡಾರ್ಲಿಸ್ ಕೂಡ ಕಾದಿದ್ದಳಲ್ಲ, ಅಷ್ಟೂ ಅವಳ ಕಣ್ಣಿಗೆ ಬಂತು.

"ಆಗಬಹುದು," ಅಂದಳು. ನಮ್ಮ ಕಡೆಯ ಹೆಂಗಸರು ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಮೇಷ್ಟ್ರ ಹೆಂಡತಿ ಮಾತ್ರ ಒಹಾಯೋದವಳು, ಬಿಕ್ಕಿ ಬಿಕ್ಕಿ ಅತ್ತಳು.

ಲೋವೆಲ್‌ಗೆ ಈಗ ಕೈಕಾಲು ಆಡಿತು. ಮೂಗು ಒರೆಸಿಕೊಂಡು, ಪಿಕಪ್ಪಿನ ಕೆಳಗೆ ಬಗ್ಗಿ ಕೊಂಡಿ ಹಾಕಲು ಹೋದ.

"ಬೇಡ ಲೋವೆಲ್," ಅಂದಳು ಡಾರ್ಲಿಸ್. "ಸರಪಳಿ ಎತ್ತಿಕೊಂಡು ಇವರನ್ನೆಲ್ಲ ಕರಕೊಂಡು ನೀನು ಇಳಿ. ನಮ್ಮದಿನ್ನೂ ಪೈ ಇದೆ."

"ಮತ್ತೆ ನೀವು?"

"ರಸ್ತೆ ಒಣಗಲಿ, ಬರ್ತೀವಿ."

"ಒಣಗೋದು ನಾಳೆ ಮಧ್ಯಾಹ್ನಕ್ಕೆ ಕಣೇ."

"ನಾಳೆ ಮಧ್ಯಾಹ್ನ ಬರ್ತೀವಿ," ಅಂದ ಆರ್ವಿಡ್, ಅವಳಿಗಿಂತ ಮೊದಲು.