ಮೊಯ್ದಿನಬ್ಬ ಬೆನ್ನಿಗೆ ಹೊತ್ತ ಪೆಟ್ಟಿಗೆ

ಕಬಕದ ಮೊಯ್ದಿನಬ್ಬ ಬ್ಯಾರಿ ಮುಡಿ ಹೊರುವುದರಲ್ಲಿ ಹೆಸರು ಮಾಡಿದವನು. ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಿನದೇ ಹಗ್ಗದಿಂದ ಕಲ್ಲಿನ ಹಾಗೆ ಬಿಗಿದ ಆ ಮುಡಿಯನ್ನು ತಲೆಯ ಮೇಲಿಟ್ಟು ಪುತ್ತೂರಿನ ತನಕ ನಡೆದರೂ ಅವನ ಕತ್ತು ಅಲ್ಲಾಡುತ್ತಿರಲಿಲ್ಲ. ಎರಡೂ ಕೈ ಬೀಸಿಕೊಂಡು, ಎದುರು ಸಿಕ್ಕಿದವರ ಮನೆಸುದ್ದಿ ವಿಚಾರಿಸಿಕೊಂಡೇ ಹೋಗುತ್ತಿದ್ದ. ಬೆನ್ನಿಗೆ ಹೊರೆ ಕಟ್ಟಿಕೊಳ್ಳುವವರನ್ನು ಕಂಡರೆ ಅವನಿಗೆ ತಾತ್ಸಾರ. ಬಗ್ಗಿ ಹೊರುವುದು ಎತ್ತಿನ ಕೆಲಸ ಎನ್ನುತ್ತಿದ್ದ.

೧೯೫೮ರ ಡಿಸೆಂಬರಿನಲ್ಲಿ ನೆಲ ಅಳೆಯುವ ಸರ್ವೆಯವರು ಕುಮಾರ ಪರ್ವತ ಹತ್ತಲು ಹೊರಟಾಗ ಅವರ ದುರ್ಬೀನಿನ ಪೆಟ್ಟಿಗೆಗೆ ಈ ಕತ್ತೇ ಬೇಕಾಯಿತು. ಒಳಗಿದ್ದದ್ದು ಗಾಜು, ಒಂದು ಏಟು ಬಿದ್ದರೆ ಅಷ್ಟೂ ಮಂದಿಯ ಪಾಡು ವ್ಯರ್ಥ. ಸುಬ್ರಹ್ಮಣ್ಯದಲ್ಲಿ ಎಲ್ಲರ ಎದುರು ಮೊಯ್ದಿನಬ್ಬ ಮಾತು ಕೊಟ್ಟ.

"ಇದನ್ನು ಇನ್ನೊಬ್ಬನಿಗೆ ದಾಟಿಸುದಿಲ್ಲ ಸ್ವಾಮಿ. ತಲೆಯಲ್ಲೇ ಹೊತ್ತು ಶಿಖರ ಮುಟ್ಟಿಸ್ತೇನೆ."

ದಾರಿ ತೋರಿಸಲು ಬಂದಿದ್ದ ಸೀನ ಆ ಮಲೆಯ ಬುಡದಲ್ಲೇ ಹುಟ್ಟಿದವನು. ತನ್ನ ಪಾಲಿನ ಅಕ್ಕಿ, ಪಾತ್ರೆಗಳನ್ನು ಬೆನ್ನಿಗೆ ಬಿಗಿಯುತ್ತ ನಕ್ಕ.

"ಇದು ಕಬಕದ ಮಾರ್ಗ ಅಲ್ಲ ಬ್ಯಾರಿಗಳೇ. ಮೇಲೆ ಗಾಳಿ ಉಂಟು. ಪೆಟ್ಟಿಗೆಯೊಟ್ಟಿಗೆ ನಿಮ್ಮ ತಲೆಯೂ ಆಚೆ ಬದಿಯ ಕೊಡಗಿಗೆ ಹೋದೀತು."

"ಹೋದರೆ ಅಲ್ಲಿಂದಲೂ ಹೊತ್ತು ತರ್ತೇನೆ. ನೀನು ಮುಂದೆ ನಡಿ."

ಮೊದಲ ದಿನ ಕಾಡಿನ ಏರು. ಬೇರುಗಳೇ ಮೆಟ್ಟಿಲು. ಬೆನ್ನಿಗೆ ಹೊತ್ತವರು ಏದುಸಿರು ಬಿಡುತ್ತ ಕೂತರೆ ಮೊಯ್ದಿನಬ್ಬ ಕೊಂಬೆಗಳಿಗೆ ತಾಗದಂತೆ ಮಂಡಿ ಮಡಿಸಿ, ಹಾವಿನ ಹಾಗೆ ನುಸುಳಿ ಮುಂದಾದ. ರಾತ್ರಿ ತಂಗುವ ಗಿರಿಗದ್ದೆಗೆ ಎಲ್ಲರಿಗಿಂತ ಮೊದಲು ತಲುಪಿದವನು ಅವನೇ.

ಮರುದಿನ ಬೆಳಿಗ್ಗೆ ಮರಗಳು ಹಿಂದುಳಿದವು. ಎದುರಿಗೆ ಬರೀ ಹುಲ್ಲಿನ ಬೋಳು ಏಣು, ಎರಡೂ ಬದಿಗೆ ಕಣ್ಣು ಮುಟ್ಟದಷ್ಟು ಇಳಿಜಾರು. ಅಲ್ಲಿ ಬೀಸಿದ್ದು ನಮ್ಮ ಕಡೆಯವರು ಕಂಡ ಗಾಳಿಯಲ್ಲ. ಪೆಟ್ಟಿಗೆಯನ್ನು ಹಿಡಿದು ತಿರುಗಿಸಿತು. ಮೊಯ್ದಿನಬ್ಬನ ಕಾಲು ಹುಲ್ಲಿನ ಮೇಲೆ ಜಾರಿತು. ಬೀಳುತ್ತಲೇ ಪೆಟ್ಟಿಗೆಯನ್ನು ಎದೆಗವಚಿಕೊಂಡ. ಮಂಡಿಯ ಚರ್ಮ ಕಲ್ಲಿಗೆ ಹೋಯಿತು. ಗಾಜು ಉಳಿಯಿತು. ಎದ್ದು ಮತ್ತೆ ತಲೆಗೇರಿಸಿದ. ಹತ್ತು ಹೆಜ್ಜೆಗೆ ಮತ್ತೆ ಜಾರಿದ.

ಸೀನ ಬಳಿಗೆ ಬಂದ. ಈಗ ನಗು ಇರಲಿಲ್ಲ. "ಕೊಡಿ ಇತ್ತ. ನನ್ನ ಹೊರೆ ಇಲ್ಲೇ ಇಟ್ಟು ಇದನ್ನು ಕಟ್ಟಿಕೊಳ್ತೇನೆ."

ಕೊಟ್ಟಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೆ ಕೊಟ್ಟ ಮಾತಿನಲ್ಲಿ ಎರಡು ಇದ್ದವು: ತಲೆಯಲ್ಲೇ ಹೊರುತ್ತೇನೆ, ಇನ್ನೊಬ್ಬನಿಗೆ ಕೊಡುವುದಿಲ್ಲ. ಎರಡೂ ಉಳಿಯುವ ಹಾಗಿರಲಿಲ್ಲ. ಮೊಯ್ದಿನಬ್ಬ ಪೆಟ್ಟಿಗೆಯನ್ನು ತನ್ನ ಕಡೆಗೇ ಎಳೆದುಕೊಂಡ.

"ನಿನಗೆ ಕೊಡುದಿಲ್ಲ. ಬೆನ್ನಿಗೆ ನಾನೇ ಹಾಕಿಕೊಳ್ತೇನೆ."

"ಹಗ್ಗ ಎಲ್ಲುಂಟು ಮಾರಾಯ್ರೆ? ನನ್ನದು ಈ ಹೊರೆಗೇ ಬೇಕಲ್ಲ."

ತಲೆಹೊರೆಯವನು ಹಗ್ಗ ಇಟ್ಟುಕೊಂಡವನೇ ಅಲ್ಲ. ಅವನ ಬಳಿ ಇದ್ದದ್ದು ತಲೆಗಿಡುವ ಬಟ್ಟೆಯ ಸಿಂಬಿ ಒಂದೇ. ಮೊಯ್ದಿನಬ್ಬ ಇಬ್ಬನಿಯಲ್ಲಿ ನೆನೆದ ಮುಳಿಹುಲ್ಲನ್ನು ಹಿಡಿಹಿಡಿಯಾಗಿ ಕಿತ್ತ. ಕಾಲ್ಬೆರಳಿಗೆ ಸಿಕ್ಕಿಸಿ ಹೊಸೆದ. ಮಳೆಗಾಲ ಪೂರ್ತಿ ಮುಡಿ ಕೆಡದ ಹಾಗೆ ಕಟ್ಟುವ ಕೈ ಅದು. ಪೆಟ್ಟಿಗೆಯ ಸುತ್ತ ಹುಲ್ಲಿನ ಹಾಸು ಹಾಕಿ, ಮುಡಿಯಂತೆಯೇ ಅಡ್ಡ ಉದ್ದ ಬಿಗಿದು, ಎರಡು ಕುಣಿಕೆಯನ್ನು ಹೆಗಲಿಗೆ ಏರಿಸಿಕೊಂಡ. ಸರ್ವೆ ಸಾಹೇಬರು ಗಂಟನ್ನು ಎಳೆದು ನೋಡಿದರು, ಕದಲಲಿಲ್ಲ.

ಕೊನೆಯ ಬಂಡೆಯಲ್ಲಿ ನೀರು ಜಿನುಗುತ್ತಿತ್ತು. ಕಾಲು ನಿಲ್ಲದಲ್ಲಿ ಅಂಗೈ ಊರಿ, ಅಂಬೆಗಾಲಿಡುವ ಮಗುವಿನಂತೆ ಹತ್ತಿದ. ಬಗ್ಗಿಯೇ ಹತ್ತಿದ. ಶಿಖರದಲ್ಲಿ ಪೆಟ್ಟಿಗೆ ತೆರೆದಾಗ ಗಾಜಿಗೆ ಒಂದು ಗೀರು ಕೂಡ ಇರಲಿಲ್ಲ. ಸಾಹೇಬರು ಎಲ್ಲರಿಗಿಂತ ಮೊದಲು ಅವನನ್ನೇ ಕರೆದು ದುರ್ಬೀನಿನೊಳಗೆ ನೋಡಿಸಿದರು.

"ಬೆಟ್ಟ ಎಲ್ಲ ತಲೆಕೆಳಗೆ ಉಂಟಲ್ಲ ಸ್ವಾಮಿ," ಎಂದ.

"ಅಳತೆಯ ದುರ್ಬೀನು ತೋರಿಸುದೇ ಹಾಗೆ."

ವಾರದ ಮೇಲೆ ಪುತ್ತೂರಿನ ಪೇಟೆಯಲ್ಲಿ ಅಲ್ಲೇ ಮುಡಿ ಹೊರುವ ಹೈದರ್ ಕೇಳಿದ: "ತಲೆಯಲ್ಲೇ ಹೊತ್ತು ಮುಟ್ಟಿಸಿದಿರಂತೆ, ಹೌದಾ ಮೊಯ್ದಿನಾಕ?"

ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಸಾಕ್ಷಿ ಹೇಳಲು ಸೀನ ಅಲ್ಲಿರಲಿಲ್ಲ.

"ಅರ್ಧ ತಲೆಯಲ್ಲಿ, ಅರ್ಧ ಬೆನ್ನಲ್ಲಿ. ತಲೆಯದ್ದು ನಿಮಗೆಲ್ಲ ಗೊತ್ತುಂಟು. ಬೆನ್ನಿನದ್ದು ನೋಡಿ," ಎಂದು ಅಂಗಿ ಸರಿಸಿ, ಹುಲ್ಲಹಗ್ಗ ಕೊರೆದ ಗುರುತನ್ನು ತೋರಿಸಿದ. ಆಮೇಲೆ ಕೇಳಿದವರಿಗೂ ತೋರಿಸಿದ, ಕೇಳದವರಿಗೂ ತೋರಿಸಿದ. ತಿಂಗಳೊಳಗೆ ಅದು ಮಾಸಿ ಹೋದಾಗ ಅವನಿಗೆ ತುಸು ಬೇಸರವೇ ಆಯಿತು.