ನಾನು ಓದದೆ ಓದಿದ ಧಾರಾವಾಹಿ

ಮಣಿಪಾಲದ ಒಂದು ಅಚ್ಚುಕೂಟದಲ್ಲಿ ನಾನು ಕರಡು ತಿದ್ದುವ ಕೆಲಸಕ್ಕೆ ಸೇರಿದ್ದು ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳ ಮೇಲೆ. ಬೇರೆಯವರ ಬರವಣಿಗೆಯಲ್ಲಿ ತಪ್ಪು ಹುಡುಕುವುದೇ ಕೆಲಸ. ನನ್ನ ಕಣ್ಣು ತಪ್ಪಿಸಿ ಒಂದು ಸೊನ್ನೆಯೂ ಆಚೆ ಹೋಗುವುದಿಲ್ಲ ಎಂಬ ಜಂಬ ನನಗೆ ಇದೆ. ಇರಲಿ ಬಿಡಿ, ಕಷ್ಟಪಟ್ಟು ಸಂಪಾದಿಸಿದ ಜಂಬ. ಆರನೇ ತರಗತಿಗೆ ಬಂದಾಗಲೂ ನನಗೆ ಓದಲು ಬರುತ್ತಿರಲಿಲ್ಲ.

ಬೆಳ್ಮಣ್ಣಿನ ಹತ್ತಿರದ ಕನ್ನಡ ಶಾಲೆ ನಮ್ಮದು. ಬಿಡಿ ಅಕ್ಷರ ಗೊತ್ತಿತ್ತು. ಅವು ಒಂದಕ್ಕೊಂದು ಸೇರಿ ಪದವಾಗಿ, ಕೆಳಗೆ ಒತ್ತು ಬಂತೆಂದರೆ ಮುಗಿಯಿತು, ಎಲ್ಲ ಕಲಸಿಹೋಗುತ್ತಿತ್ತು. ಆದರೆ ಕಿವಿ ಬಹಳ ಚುರುಕು. ಪಕ್ಕದ ಹುಡುಗಿ ಪಾಠವನ್ನು ಒಮ್ಮೆ ಓದಿದರೆ ಸಾಕು, ಟೀಚರ್ ಎಬ್ಬಿಸಿದಾಗ ಪುಸ್ತಕ ಹಿಡಿದು ನಾನು ಗಡಗಡ ಒಪ್ಪಿಸಿಬಿಡುತ್ತಿದ್ದೆ. ಪರೀಕ್ಷೆಯಲ್ಲಿ ಅವಳ ಹಾಳೆ ನೋಡಿ ಚಿತ್ರ ಬಿಡಿಸಿದ ಹಾಗೆ ಬರೆಯುತ್ತಿದ್ದೆ. ಹೀಗೆ ವರ್ಷ ವರ್ಷ ದಾಟಿದೆ. ಮುಂದೆ ಇದ್ದದ್ದು ಏಳನೆಯ ಪಬ್ಲಿಕ್ ಪರೀಕ್ಷೆ. ಬೇರೆ ಶಾಲೆಯಲ್ಲಿ, ಗುರುತಿಲ್ಲದವರ ಪಕ್ಕ ಕುಳಿತು ಬರೆಯಬೇಕು. ಅದರಲ್ಲಿ ಫೇಲಾದರೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂರುವುದು ಎಂದು ಅಮ್ಮ ಮೊದಲೇ ಹೇಳಿಟ್ಟಿದ್ದಳು.

ನಮ್ಮ ಜಗಲಿಯಲ್ಲಿ ಮಧ್ಯಾಹ್ನ ನಾಲ್ವರು ಬೀಡಿ ಕಟ್ಟುತ್ತಿದ್ದರು: ಅಮ್ಮ, ಆಚೆ ಮನೆಯ ದೊಡ್ಡಮ್ಮ, ಇನ್ನಿಬ್ಬರು ನೆರೆಯವರು. ಯಾರಿಗೂ ಓದು ಬರದು. ಕೈಗೆ ಎಲೆ, ಹೊಗೆಸೊಪ್ಪು ಇದ್ದರಾಯಿತು, ಕಿವಿ ಮಾತ್ರ ಖಾಲಿ. ಅದಕ್ಕೆ ವಾರಪತ್ರಿಕೆಯ ಧಾರಾವಾಹಿ ಬೇಕು. ಓದಿ ಹೇಳುತ್ತಿದ್ದ ನೆರೆಮನೆಯ ಅಕ್ಕ ಮದುವೆಯಾಗಿ ಪಡುಬಿದ್ರಿಗೆ ಹೋದಳು. ಕಥಾನಾಯಕಿ ಗಂಡನ ಮನೆ ಬಿಟ್ಟು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಳೆ, ಮುಂದೇನೆಂದು ಹೇಳುವವರೇ ಇಲ್ಲ! ಆಗ ಅಮ್ಮ ಹೆಮ್ಮೆಯಿಂದ, ನಮ್ಮವಳು ಇದ್ದಾಳಲ್ಲ, ಓದುತ್ತಾಳೆ ಎಂದು ಪತ್ರಿಕೆಯನ್ನು ನನ್ನ ಕೈಗೆ ತುರುಕಿದಳು.

ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದೆ. ಚಿತ್ರದಲ್ಲಿ ಒಬ್ಬ ಮೀಸೆಯವನಿದ್ದ. ಅವನನ್ನೇ ನಂಬಿ ಬಾಯಿ ತೆರೆದೆ. ಮೀಸೆಯವನು ಬಸ್‌ಸ್ಟ್ಯಾಂಡಿಗೆ ಬಂದ, ಅವನೊಬ್ಬ ಡಾಕ್ಟರ್, ಇವಳನ್ನು ಕಂಡದ್ದೇ ಬೆಚ್ಚಿದ. ಹೇಳುತ್ತಾ ಹೇಳುತ್ತಾ ನನಗೇ ರೋಮಾಂಚನ. ಬೀಡಿ ಎಲೆ ಕತ್ತರಿಸುವ ಕತ್ತರಿಗಳ ಸದ್ದು ನಿಂತಿತು. ಅವಳು ಅವನ ಕಳೆದುಹೋದ ತಂಗಿ ಎಂದಾಗ ದೊಡ್ಡಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಶಾಲೆಯಲ್ಲಿ ಕಡೆಯ ಬೆಂಚಿನ ನಾನು ಜಗಲಿಯಲ್ಲಿ ರಾಣಿ! ವಾರಗಟ್ಟಲೆ ಹೀಗೇ ನಡೆಯಿತು. ನಾಯಕಿ ಅಣ್ಣನ ಆಸ್ಪತ್ರೆಯಲ್ಲಿ ನರ್ಸಾದಳು, ಅವಳಿ ಮಕ್ಕಳನ್ನು ಹೆತ್ತಳು, ಗಂಡನನ್ನು ಗೇಟಿನಿಂದಲೇ ಓಡಿಸಿದಳು. ಪತ್ರಿಕೆ ಬರುವ ಬುಧವಾರ ಯಾವಾಗ ಬರುತ್ತದೋ ಎಂದು ಅವರಿಗಿಂತ ನಾನೇ ಹೆಚ್ಚು ಕಾಯುತ್ತಿದ್ದೆ.

ಹಲ್ಲುನೋವೆಂದು ದೊಡ್ಡಮ್ಮ ಕಾರ್ಕಳಕ್ಕೆ ಹೋದದ್ದೇ ನನಗೆ ಮುಳುವಾಯಿತು. ಬಸ್ಸಿನಲ್ಲಿ ಪಕ್ಕದ ಹೆಂಗಸಿನ ತೊಡೆಯ ಮೇಲೆ ಅದೇ ಪತ್ರಿಕೆ. ದೊಡ್ಡಮ್ಮ ಸುಮ್ಮನೆ ಕೂರುವವಳಲ್ಲ, ಅವಳಿ ಮಕ್ಕಳಿಗೆ ಹೆಸರಿಟ್ಟರಾ ಎಂದು ಕೇಳಿದಳಂತೆ. ಆ ಹೆಂಗಸು ಕಣ್ಣು ಕಣ್ಣು ಬಿಟ್ಟಳಂತೆ. ಯಾರೋ ವಿಷ ಹಾಕಿ ನಾಯಕಿ ಸತ್ತು ಮೂರು ವಾರವಾಗಿತ್ತು.

ಮರುದಿನ ಜಗಲಿಯಲ್ಲಿ ದೊಡ್ಡಮ್ಮ ಇದನ್ನು ಹೇಳಿದಾಗ ಯಾರೂ ನಗಲಿಲ್ಲ. ಅಮ್ಮ ಕಟ್ಟುತ್ತಿದ್ದ ಬೀಡಿಯನ್ನು ಕೆಳಗಿಟ್ಟು ಮೊದಲ ಸಾಲು ಓದು ಎಂದಳು. ನಾನು ಓದಲಿಲ್ಲ. ಇನ್ನೊಮ್ಮೆ ಹೇಳಿದಳು. ನಾನು ಅತ್ತುಬಿಟ್ಟೆ. ಸುಳ್ಳು ಹೇಳಿದ್ದಕ್ಕೆ ಹೊಡೆಯುತ್ತಾಳೆ ಎಂದುಕೊಂಡಿದ್ದೆ, ಹೊಡೆಯಲಿಲ್ಲ. ಆರು ವರ್ಷ ಶಾಲೆಗೆ ಹೋದ ಮಗಳಿಗೆ ಓದು ಬರದೆಂದು ಎಲ್ಲರೆದುರು ಗೊತ್ತಾದ ಅಮ್ಮನ ಮುಖವನ್ನು ನೋಡುವುದಕ್ಕಿಂತ ಪೆಟ್ಟು ತಿನ್ನುವುದೇ ಸುಲಭವಿತ್ತು. ನಾಳೆಯಿಂದ ಶಾಲೆ ಬೇಡ, ಇಲ್ಲೇ ಕೂರು ಎಂದಳು.

ಬಾಯಿ ಹಾಕಿದ್ದು ದೊಡ್ಡಮ್ಮನೇ. "ಅವಳು ಕೂತರೆ ನಮಗೆ ಕಥೆ ಹೇಳುವವರು ಯಾರು ಮಾರಾಯ್ತಿ? ಓದಲಿ. ನಿಧಾನ ಆದರೆ ಆಗಲಿ, ನಮಗೆ ಎಂತ ಅವಸರ ಉಂಟು?"

ಅಂದೇ ಶುರುವಾಯಿತು. ವಾರ ಎಣಿಸಿ, ನಾಯಕಿ ಸತ್ತ ವಾರದ ಪತ್ರಿಕೆ ಹುಡುಕಿ ತೆಗೆದು ಬೆರಳಿಟ್ಟೆ. 'ಅ', 'ತ' ಎಂದು ತಡವರಿಸಿದೆ. ಅತ್ತೆಯೇ ಇರಬೇಕು, ವಿಷ ಹಾಕಿದ್ದು ಅವಳೇ ಎಂದು ದೊಡ್ಡಮ್ಮ ತೀರ್ಪು ಕೊಟ್ಟಳು. ಅತ್ತಿಗೆಯೂ ಆಗಬಹುದಲ್ಲ ಎಂದಳು ಇನ್ನೊಬ್ಬಳು. ಜಗಳವೇ ಹತ್ತಿತು! ತೀರ್ಮಾನ ನಾನೇ ಹೇಳಬೇಕು, ಹೇಳಬೇಕಾದರೆ ನೋಡಬೇಕು. ಮೂಗು ಹಾಳೆಗೆ ತಾಗುವಷ್ಟು ಬಗ್ಗಿ ನೋಡಿದೆ. 'ತ'ದ ಪಕ್ಕ 'ಗ' ಇತ್ತು. "ಅತ್ತಿಗೆ!" ಎಂದು ಕಿರುಚಿದೆ. ನಾನೇ ಓದಿದ ಮೊದಲ ಪದ ಅದು. ಅವರ ಊಹೆ, ನನ್ನ ತಪಾಸಣೆ: ಪದ ಪದಕ್ಕೂ ಇದೇ ಆಟ. ನಾಲ್ಕು ಪುಟದ ಕಂತು ಮುಗಿಯಲು ಒಂದು ವಾರ ಬೇಕಾಯಿತು. ಒಬ್ಬರೂ ಆಕಳಿಸಲಿಲ್ಲ. ಶಾಲೆಯಲ್ಲಿ ಯಾರಾದರೂ ತಡವರಿಸಿದರೆ ನಗುತ್ತಿದ್ದರು, ಇಲ್ಲಿ ತಡವರಿಸಿದಷ್ಟೂ ಕುತೂಹಲ ಹೆಚ್ಚುತ್ತಿತ್ತು. ಅಮ್ಮ ಮಾತ್ರ ತಲೆ ತಗ್ಗಿಸಿ ಬೀಡಿ ಕಟ್ಟುತ್ತಿದ್ದಳು. ಆದರೆ ಬೆಳಿಗ್ಗೆ ಶಾಲೆಗೆ ಹೋಗಬೇಡ ಎನ್ನಲಿಲ್ಲ.

ಮಳೆಗಾಲ ಕಳೆಯುವಾಗ ಒಂದು ಕಂತಿಗೆ ಎರಡು ದಿನ ಸಾಕಾಯಿತು. ಏಳನೆಯ ತರಗತಿಯ ಹೊತ್ತಿಗೆ ಕೂತಲ್ಲೇ ಮುಗಿಸಿ, ಸಾಮಾನು ಕಟ್ಟಿದ ಕಾಗದವನ್ನೂ ಬಿಡಿಸಿ ಓದುವ ಹುಚ್ಚು ಹಿಡಿದಿತ್ತು. ಪರೀಕ್ಷೆಯ ದಿನ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಎಲ್ಲೂ ಕೇಳಿರದ ಒಂದು ಗದ್ಯಭಾಗ ಕೊಟ್ಟಿದ್ದರು. ಪಕ್ಕದಲ್ಲಿ ಗುರುತಿಲ್ಲದ ಹುಡುಗ. ಅವನ ಹಾಳೆಯತ್ತ ಒಮ್ಮೆಯೂ ತಿರುಗಲಿಲ್ಲ, ತಿರುಗಲು ಪುರುಸೊತ್ತೇ ಇರಲಿಲ್ಲ. ಓದುತ್ತಾ ಹೋದೆ, ಅರ್ಥವಾಗುತ್ತಾ ಹೋಯಿತು. ಕುಣಿಯಬೇಕೆನಿಸಿತು.

ಫಲಿತಾಂಶದ ದಿನ ಅಮ್ಮ ಜೊತೆಗೆ ಬಂದಳು. ಶಾಲೆಯ ಬೋರ್ಡಿನಲ್ಲಿ ಪಟ್ಟಿ ಹಚ್ಚಿದ್ದರು. ಅಂಕಿಗಳು ಅಮ್ಮನಿಗೆ ಗೊತ್ತು, ನನ್ನ ನಂಬರನ್ನು ನನಗಿಂತ ಮೊದಲು ಅವಳೇ ಕಂಡುಹಿಡಿದಳು. ಅದರ ಮುಂದಿದ್ದ ಪದ ಗೊತ್ತಿಲ್ಲ. ನಾನು ಓದಿದೆ: ಉತ್ತೀರ್ಣ. "ಪಾಸ್ ಅಂತ, ಅಮ್ಮ," ಎಂದೆ.

ಅಮ್ಮ ನನ್ನನ್ನು ನೋಡಿದಳು, ಬೋರ್ಡನ್ನು ನೋಡಿದಳು. ಆಮೇಲೆ ಹೆಡ್‌ಮಾಸ್ಟರನ್ನು ಕರೆದು ಇದನ್ನು ಸ್ವಲ್ಪ ಓದಿ ಹೇಳಿ ಎಂದಳು. ಅವರು ಉತ್ತೀರ್ಣ ಎಂದರು. ಪ್ಯೂನನ್ನು ಕರೆದಳು, ಅವನೂ ಅದನ್ನೇ ಹೇಳಿದ. ಮಗನ ನಂಬರು ನೋಡಲು ಬಂದ ಯಾರೋ ಒಬ್ಬರನ್ನೂ ಬಿಡಲಿಲ್ಲ. ಖುಷಿಯೆಲ್ಲ ಇಳಿದುಹೋಗಿ ನನಗೆ ಸಿಟ್ಟು ನೆತ್ತಿಗೇರಿತು. ನಾನು ಹೇಳಿದ ಸುಳ್ಳುಗಳ ಸಾಲ ಇನ್ನೂ ತೀರಿಲ್ಲ ಎಂದುಕೊಂಡೆ. ಗೇಟಿನ ಹತ್ತಿರ ಅವಳ ಸೆರಗು ಹಿಡಿದೆಳೆದು, ನಾನು ಓದಿದ್ದರಲ್ಲಿ ಇನ್ನೂ ನಂಬಿಕೆ ಇಲ್ಲವಾ ಎಂದು ಕೇಳಿದೆ.

"ನೀನು ಓದಿದಾಗಲೇ ನಂಬಿದ್ದೇನೆ ಮಗಾ," ಎಂದಳು ಅಮ್ಮ. "ಮತ್ತೆ ಮತ್ತೆ ಕೇಳ್ಲಿಕ್ಕೆ ಖುಷಿ ಆಗ್ತದೆ, ಹಾಗೆ."