ಕಾರ್ಕಳದಿಂದ ಹಿಡಿದಿಟ್ಟ ಸೀಟು

ಮಣಿಪಾಲದಲ್ಲಿ ಸಮಾಜಶಾಸ್ತ್ರದ ಎಂಎ ಮಾಡುವಾಗ ನಾನು ಹಿರಿಯಡ್ಕದಲ್ಲಿ ಬಸ್ಸು ಹತ್ತುತ್ತಿದ್ದೆ. ಕಾರ್ಕಳದಿಂದ ಬರುವ ಆ ಬಸ್ಸಿನ ಫುಟ್‌ಬೋರ್ಡಿನಲ್ಲೂ ಜನ. ನನಗೆ ಮಾತ್ರ ದಿನವೂ ಸೀಟು. ಕಾರ್ಕಳದಲ್ಲೇ ಹತ್ತುವ ಸಹಪಾಠಿಯೊಬ್ಬಳು ಪಕ್ಕದ ಸೀಟಿನಲ್ಲಿ ಬ್ಯಾಗು ಇಟ್ಟು ಕಾಯುತ್ತಿದ್ದಳು. ನಾನು ಮಂತ್ರಿಯ ಹಾಗೆ ನುಗ್ಗಿ ಹೋಗಿ ಕೂರುತ್ತಿದ್ದೆ.

ಆಗ ಕ್ಲಾಸಿನಲ್ಲಿ ಜರ್ಮನ್ ಸಮಾಜಶಾಸ್ತ್ರ ನಡೆಯುತ್ತಿತ್ತು. ಒಬ್ಬರು ಏನು ಮಾಡಿದರೆಂದು ಹೊರಗಿನಿಂದ ನೋಡಿದರೆ ಸಾಲದು, ಅವರಿಗೆ ಅದರ ಅರ್ಥವೇನೆಂದು ಅವರ ಜಾಗದಲ್ಲಿ ನಿಂತು ತಿಳಿಯಬೇಕು ಎನ್ನುವ ಪಾಠ. ಕ್ರಿಯೆಯಲ್ಲಿ ನಾಲ್ಕು ಬಗೆಯಂತೆ: ಲೆಕ್ಕ ಹಾಕಿ ಮಾಡಿದ್ದು, ನಂಬಿಕೆಯಿಂದ ಮಾಡಿದ್ದು, ಭಾವನೆಯಿಂದ ಮಾಡಿದ್ದು, ರೂಢಿಯಿಂದ ಮಾಡಿದ್ದು. ಕೇಳಿದ್ದೇ ತಡ, ಉಡುಪಿ ಜಿಲ್ಲೆಯ ಸಮಸ್ತ ಜೀವಿಗಳನ್ನು ವಿಂಗಡಿಸಲು ಹೊರಟೆ. ನಮ್ಮ ನಾಯಿ ಬೊಗಳಿದ್ದನ್ನೂ ಬಿಡಲಿಲ್ಲ.

ಒಂದು ದಿನ ಅವಳು ಕಿಟಕಿಯಾಚೆ ನೋಡುತ್ತ ಕೇಳಿದಳು, "ನಾನು ನಿನಗೆ ಸೀಟು ಹಿಡಿಯುವುದು ಯಾವುದರಲ್ಲಿ ಬರ್ತದೆ?"

ಪರೀಕ್ಷೆಯ ಪ್ರಶ್ನೆ ಎಂದುಕೊಂಡೆ. ಪರ್ಕಳದವರೆಗೆ ಭಾಷಣ ಮಾಡಿ ತೀರ್ಪು ಕೊಟ್ಟೆ, "ರೂಢಿ. ಬೆಳಿಗ್ಗೆ ಹಲ್ಲುಜ್ಜಿದ ಹಾಗೆ. ಅದಕ್ಕೆ ಅರ್ಥ ಅಂತ ಹೆಚ್ಚೇನೂ ಇಲ್ಲ."

"ಹೌದಾ? ನಿನಗೆ ರ‍್ಯಾಂಕು ಗ್ಯಾರಂಟಿ ಮಾರಾಯ," ಎಂದಳು.

ಹೊಗಳಿದಳೆಂದು ನಾನು ಇಡೀ ದಿನ ಬೀಗಿದೆ. ಮರುದಿನ ಅವಳ ಪಕ್ಕದಲ್ಲಿ ಮಲ್ಲಿಗೆ ಮಾರುವ ಹೆಂಗಸೊಬ್ಬರು ಕೂತಿದ್ದರು. ಆಮೇಲೆ ದಿನವೂ ಇನ್ಯಾರೋ. ಅವಳು ನಗುತ್ತಲೇ ಮಾತಾಡುತ್ತಿದ್ದಳು. ಬ್ಯಾಗು ಮಾತ್ರ ಅವಳ ಮಡಿಲಿನಲ್ಲಿ. ಕೋರ್ಸು ಮುಗಿದ ಮೇಲೆ ಮಂಗಳೂರಿನಲ್ಲಿ ಕೆಲಸಕ್ಕೆ ಸೇರಿದಳು.

ಈಗ ನಾನು ಕಾಪುವಿನಲ್ಲಿ ರೂಮು ಮಾಡಿಕೊಂಡು ಉಡುಪಿಯ ಕಾಲೇಜೊಂದರಲ್ಲಿ ಅದೇ ಪಾಠ ಮಾಡುತ್ತೇನೆ. ಮಕ್ಕಳು ಆರಾಮವಾಗಿ ನಿದ್ದೆ ಮಾಡುತ್ತಾರೆ. ಮೊನ್ನೆ ಕಾಪುವಿನಲ್ಲಿ ಉಡುಪಿಯ ಬಸ್ಸು ಹತ್ತಿದಾಗ ಪಕ್ಕದ ಸೀಟು ಖಾಲಿಯಿತ್ತು. ಯಾಕೋ ಅಲ್ಲಿ ಬ್ಯಾಗು ಇಟ್ಟೆ. ಪಾಂಗಾಳದಲ್ಲಿ ಹತ್ತಿದವರೊಬ್ಬರು ಗುರಾಯಿಸಿದರು. ಕಟಪಾಡಿಯಲ್ಲಿ ಬಸ್ಸು ತುಂಬಿತು.

"ಬ್ಯಾಗಿಗೆ ಟಿಕೆಟ್ ಉಂಟಾ ಮಾರಾಯ್ರೆ?" ಎಂದ ಕಂಡಕ್ಟರ್.

"ಜನ ಬರ್ಲಿಕ್ಕುಂಟು."

"ಎಲ್ಲಿ ಹತ್ತುವುದು ಅವರು?"

ನಾನು ಕಿಟಕಿಯಾಚೆ ನೋಡಿದೆ. ಅಷ್ಟರಲ್ಲಿ ಒಬ್ಬರು ಅಜ್ಜಿ ಬ್ಯಾಗನ್ನು ಎತ್ತಿ ನನ್ನ ಮಡಿಲಿಗೆ ಹಾಕಿ, "ಬರುವವರು ಬಂದಾಗ ಏಳ್ತೇನೆ ಮಗಾ," ಎಂದು ಕೂತೇಬಿಟ್ಟರು.

ಒಂದು ಸೀಟನ್ನು ಕಟಪಾಡಿ ದಾಟಿಸಲೂ ನನ್ನಿಂದ ಆಗಲಿಲ್ಲ. ಅವಳು ಕಾರ್ಕಳದಿಂದ ಬೈಲೂರು ದಾಟಿ ಹಿರಿಯಡ್ಕದವರೆಗೆ, ನಿಂತವರ ಬೈಗುಳವನ್ನೆಲ್ಲ ಕೇಳಿಕೊಂಡು, ಪ್ರತಿದಿನ ಹಿಡಿದಿಟ್ಟಿದ್ದಳು.

ಉಡುಪಿಯಲ್ಲಿ ಇಳಿದವನು ಕಾಲೇಜಿಗೆ ಹೋಗಲಿಲ್ಲ. ಕಾರ್ಕಳದ ಬಸ್ಸು ಬಂದು ನಿಲ್ಲುವಲ್ಲಿಗೆ ಹೋದೆ. ಅವಳು ಮಂಗಳೂರಿನಲ್ಲಿದ್ದಾಳೆಂದು ಗೊತ್ತಿದ್ದೂ ಒಂದೊಂದೇ ಕಿಟಕಿ ನೋಡುತ್ತ ನಿಂತೆ.